ಕೃತಿಯ ಆಶಯವನ್ನು ಅರಿಯುವ ಬಗೆ

ಕಥೆಯೊಂದನ್ನು ಓದಿ ಮುಗಿಸಿದವರನ್ನು ‘ಅದರಲ್ಲಿ ಏನಿದೆ?’ ಎಂದು ಕೇಳಿದರೆ, ಅವರು ಸಾಮಾನ್ಯವಾಗಿ ನಡೆದ ಸಂಗತಿಗಳನ್ನು ಅನುಕ್ರಮವಾಗಿ ಹೇಳುತ್ತಾರೆ. ಅದು ಕಥೆಯ ಸಾರಾಂಶ. ಆ ಸಂಗತಿಗಳೆಲ್ಲ ಕೂಡಿ ಬಾಳಿನ ಬಗೆಗೆ ಯಾವ ಅರಿವನ್ನು ಮೂಡಿಸುತ್ತವೆಯೋ ಅದು ಕೃತಿಯ ಆಶಯ. ಸಾರಾಂಶವನ್ನು ಲೇಖಕನು ಹೇಳಿರುತ್ತಾನೆ. ಆಶಯವನ್ನು ಓದುಗನೇ ಕಂಡುಕೊಳ್ಳಬೇಕು.

ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿಯನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ. 1933ರಲ್ಲಿ ಪ್ರಕಟವಾದ ಈ ಕೃತಿಯ ನಾಯಕ ಚೋಮನು ದಕ್ಷಿಣ ಕನ್ನಡದ ಒಬ್ಬ ಜೀತದಾಳು. ಅಂದಿನ ಸಮಾಜ ಅಸ್ಪೃಶ್ಯರೆಂದು ದೂರವಿಟ್ಟ ಜನರಲ್ಲಿ ಒಬ್ಬನು. ‘ಈ ಕಾದಂಬರಿಯ ಆಶಯವೇನು?’ ಎಂದರೆ ‘ಬಡತನ’ ಎಂದು ಹೇಳಿಬಿಡುವುದು ಸುಲಭ. ಆದರೆ ಬಡತನವೆಂಬುದು ವಿಷಯದ ಹೆಸರು ಮಾತ್ರ. ಬಡತನದ ಬಗೆಗೆ ಕೃತಿ ಏನು ಹೇಳುತ್ತದೆ ಎಂಬುದು ಆ ಒಂದು ಪದದಿಂದ ತಿಳಿಯುವುದಿಲ್ಲ.

ಆದುದರಿಂದ ಮೊದಲು, ನಾಯಕನ ಹಂಬಲ ಯಾವುದು, ಅದಕ್ಕೆ ಅಡ್ಡಿ ಯಾವುದು ಎಂದು ಕೇಳಬೇಕು. ಚೋಮನಲ್ಲಿ ಒಂದು ಜೊತೆ ಎತ್ತುಗಳಿವೆ, ಉಳಲು ನೆಲವಿಲ್ಲ. ತನ್ನದೆನ್ನುವ ತುಂಡು ಹೊಲವನ್ನು ಬೇಸಾಯ ಮಾಡಬೇಕೆಂಬುದು ಅವನ ಬಯಕೆ. ಅವನಲ್ಲಿ ದುಡಿಯುವ ಶಕ್ತಿಯಿದೆ, ಮನಸ್ಸೂ ಇದೆ. ಅಡ್ಡಿಯಾಗಿರುವುದು ಅವನ ಹುಟ್ಟು. ಸಾಲವನ್ನು ದುಡಿದು ತೀರಿಸಬಹುದು. ಹುಟ್ಟನ್ನು ತೀರಿಸುವ ಬಗೆ ಯಾವುದು?

ಎರಡನೆಯದಾಗಿ, ಕೃತಿಯಲ್ಲಿ ಮತ್ತೆ ಮತ್ತೆ ಬರುವುದನ್ನು ಗಮನಿಸಬೇಕು. ಚೋಮನ ಸಂತೋಷಕ್ಕೂ ದುಃಖಕ್ಕೂ ದುಡಿಯೇ ನಾಲಗೆ. ಮಾತಿನಲ್ಲಿ ಹೇಳಿದರೆ ಯಾರೂ ಕೇಳದುದನ್ನು ಅವನು ದುಡಿಯ ಮೂಲಕ ನುಡಿಯುತ್ತಾನೆ. ಕೊನೆಗೆ ಅದನ್ನು ಬಾರಿಸುತ್ತಲೇ ಪ್ರಾಣ ಬಿಡುತ್ತಾನೆ. ಕೃತಿಗೆ ಅದರ ಹೆಸರೇ ಬಂದಿರುವುದು ಆಕಸ್ಮಿಕವಲ್ಲ.

ಮೂರನೆಯದಾಗಿ, ನಾವು ಊಹಿಸಿದ ಆಶಯವನ್ನು ಇತರ ಸಂಗತಿಗಳಿಗೆ ಒರೆಹಚ್ಚಿ ನೋಡಬೇಕು. ಚೋಮನ ಮಗನೊಬ್ಬನು ನೀರಿನಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆಯಾದೀತೆಂಬ ಕಾರಣದಿಂದ ಅವನನ್ನು ಉಳಿಸುವವರಿಲ್ಲವಾಗುತ್ತದೆ. ಇದನ್ನು ಬಡತನ ವಿವರಿಸಲಾರದು. ಮತಾಂತರ ಹೊಂದಿದರೆ ನೆಲ ದೊರೆಯುವುದೆಂದು ಹೊರಟ ಚೋಮನು ತನ್ನ ದೈವವನ್ನು ತೊರೆಯಲಾರದೆ ಹಿಂದಿರುಗುತ್ತಾನೆ. ಬರಿಯ ನೆಲದಾಸೆ ಇದನ್ನೂ ವಿವರಿಸಲಾರದು.

ಈಗ ಆಶಯವನ್ನು ಒಂದು ಪೂರ್ಣ ವಾಕ್ಯದಲ್ಲಿ ಹೇಳಬಹುದು: ದುಡಿಯಬಲ್ಲ ಮನುಷ್ಯನಿಗೆ, ಅವನು ಅವನಾಗಿಯೇ ಉಳಿದು ಮಣ್ಣಿನ ಮೇಲೆ ಹಕ್ಕು ಪಡೆಯುವುದನ್ನು ಹುಟ್ಟಿನ ಕಾರಣದಿಂದ ನಿರಾಕರಿಸುವ ಸಮಾಜವು ಅವನ ಬಾಳನ್ನೇ ಕಸಿದುಕೊಳ್ಳುತ್ತದೆ.

ಇದೊಂದೇ ಸರಿಯಾದ ವಾಕ್ಯವೆಂದು ತಿಳಿಯಬಾರದು. ಇನ್ನೊಬ್ಬ ಓದುಗನು ಬೇರೊಂದನ್ನು ಹೇಳಬಹುದು. ಆದರೆ ಅದಕ್ಕೆ ಕೃತಿಯಲ್ಲಿಯೇ ಆಧಾರವಿರಬೇಕು. ‘ಬಡತನ’ ಎಂದವನು ಚೋಮನಿಗಾಗಿ ಮರುಗಿ ಸುಮ್ಮನಾಗುತ್ತಾನೆ. ಆಶಯವನ್ನು ಅರಿತವನಾದರೋ, ಆ ದಡದಲ್ಲಿ ತಾನು ನಿಂತಿದ್ದರೆ ಏನು ಮಾಡುತ್ತಿದ್ದೆನೆಂದು ತನ್ನನ್ನೇ ಕೇಳಿಕೊಳ್ಳುತ್ತಾನೆ.