ಆರು ಪೆನ್ಸ್ ನೋಟಿನ ಬೆಲೆ ಎಷ್ಟು?

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)



ಹಣ ಎಂದರೆ ವಿನಿಮಯದ ಮಾಧ್ಯಮ, ಮೌಲ್ಯದ ಅಳತೆಗೋಲು, ಮೌಲ್ಯದ ಸಂಗ್ರಹ. ಇದನ್ನು ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಆ ಪಾಠ ಮುಗಿದ ದಿನ ನಾನು ಸರ್ ಬಳಿ, "ಚಲಾವಣೆ ನಿಂತ ನೋಟಿಗೆ ಬೆಲೆ ಇದೆಯೇ ಸರ್?" ಎಂದು ಕೇಳಿದೆ. "ನೀನೇ ಓದಿ ಬರೆದು ತಾ" ಎಂದರು. ಓದುತ್ತಾ ಹೋದಾಗ ಸಿಕ್ಕಿದ್ದು ಜರ್ಸಿ ದ್ವೀಪ.

ಜರ್ಸಿ ಇರುವುದು ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಸಮುದ್ರದಲ್ಲಿ, ಫ್ರಾನ್ಸಿಗೆ ಹತ್ತಿರದಲ್ಲಿ. ಎರಡನೇ ಮಹಾಯುದ್ಧದಲ್ಲಿ, 1940ರ ಜುಲೈ 1ರಂದು, ಜರ್ಮನ್ ಸೇನೆ ಅದನ್ನು ವಶಪಡಿಸಿಕೊಂಡಿತು. ಬಿಡುಗಡೆಯಾದದ್ದು 1945ರ ಮೇ 9ರಂದು. ಸುಮಾರು ಐದು ವರ್ಷ ಅಲ್ಲಿನ ಜನ ಪರರ ಆಳ್ವಿಕೆಯಲ್ಲಿ ಬದುಕಿದರು.

ಜರ್ಮನ್ನರು ತಮ್ಮ ಹಣವನ್ನು ತಂದರು. ಬ್ರಿಟಿಷ್ ನಾಣ್ಯಗಳು ಕಡಿಮೆಯಾಗತೊಡಗಿದವು. ಸೈನಿಕರು ಅವುಗಳನ್ನು ನೆನಪಿಗೆಂದು ಒಯ್ಯುತ್ತಿದ್ದುದೂ ಒಂದು ಕಾರಣ. ಚಿಲ್ಲರೆ ಇಲ್ಲದೆ ವ್ಯಾಪಾರ ನಡೆಯುವುದು ಹೇಗೆ? ಅದಕ್ಕಾಗಿ ದ್ವೀಪದ ಆಡಳಿತ ತಾನೇ 6 ಪೆನ್ಸ್‌ನಿಂದ 1 ಪೌಂಡ್‌ವರೆಗಿನ ನೋಟುಗಳನ್ನು ಮುದ್ರಿಸಿತು.

ಅವುಗಳ ಚಿತ್ರ ಬರೆದವರು ಜರ್ಸಿಯ ಕಲಾವಿದ ಎಡ್ಮಂಡ್ ಬ್ಲಾಂಪೀಡ್. 6 ಪೆನ್ಸ್ ನೋಟಿನ ಹಿಂಬದಿಯಲ್ಲಿ 'ಸಿಕ್ಸ್' ಎಂಬ ಇಂಗ್ಲಿಷ್ ಪದದ 'ಎಕ್ಸ್' ಅಕ್ಷರವನ್ನು ಅವರು ದೊಡ್ಡದಾಗಿ ಬರೆದರು. ನೋಟನ್ನು ಮಡಚಿದರೆ ಎಕ್ಸ್‌ನ ಅರ್ಧ ಮಾತ್ರ ಕಂಡು 'ವಿ' ಆಗುತ್ತದೆ. ವಿ ಎಂದರೆ ವಿಕ್ಟರಿ, ಜಯ. ಗೋಡೆಯ ಮೇಲೆ ವಿ ಬರೆದವರಿಗೆ ಶಿಕ್ಷೆಯಾಗುತ್ತಿದ್ದ ಕಾಲದಲ್ಲಿ ಅದೇ ಅಕ್ಷರ ಜನರ ಜೇಬಿನಲ್ಲಿ ಓಡಾಡುತ್ತಿತ್ತು! ಮುಂದೆ 3 ಪೆನ್ಸ್ ಅಂಚೆಚೀಟಿಯಲ್ಲೂ ಅವರು ಬ್ರಿಟಿಷ್ ರಾಜನ ಹೆಸರಿನ ಗುರುತನ್ನು ಅಡಗಿಸಿದರು.

1944ರ ಜೂನ್‌ನಲ್ಲಿ ಮಿತ್ರಪಡೆಗಳು ಫ್ರಾನ್ಸಿನಲ್ಲಿ ಇಳಿದ ಮೇಲೆ ದ್ವೀಪಕ್ಕೆ ಸಾಮಾನು ಬರುವ ದಾರಿ ಮುಚ್ಚಿತು. ಚಹಾದ ಬದಲು ಮುಳ್ಳುಗಿಡದ ಎಲೆ, ಕಾಫಿಯ ಬದಲು ಓಕ್ ಮರದ ಕಾಯಿ ಹುರಿದ ಪುಡಿ, ಉಪ್ಪಿಗೆ ಸಮುದ್ರದ ನೀರು. ಕೈಯಲ್ಲಿ ನೋಟಿದ್ದರೂ ಅಂಗಡಿಯಲ್ಲಿ ಸಾಮಾನಿಲ್ಲ. ಆ ಡಿಸೆಂಬರ್ ಕೊನೆಯಲ್ಲಿ ರೆಡ್ ಕ್ರಾಸ್‌ನ 'ವೇಗಾ' ಹಡಗು ಆಹಾರದ ಪೊಟ್ಟಣಗಳನ್ನು ತಂದಿತು.

ಲೂಯಿಸಾ ಗೌಲ್ಡ್ ಎಂಬ ಮಹಿಳೆ ಅಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದರು. ಅವರ ಒಬ್ಬ ಮಗ ಯುದ್ಧದಲ್ಲಿ ತೀರಿಕೊಂಡಿದ್ದ. ಜರ್ಮನ್ನರ ಕೈಯಿಂದ ತಪ್ಪಿಸಿಕೊಂಡು ಬಂದ ಒಬ್ಬ ರಷ್ಯನ್ ಕೈದಿಯನ್ನು ಆ ತಾಯಿ ಮನೆಯಲ್ಲಿ ಅಡಗಿಸಿಟ್ಟರು. ಯಾರೋ ಚಾಡಿ ಹೇಳಿದರು. 1944ರಲ್ಲಿ ಬಂಧನವಾಯಿತು; ಮರುವರ್ಷ ಅವರು ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ ಕೊಲ್ಲಲ್ಪಟ್ಟರು. ಆ ರಷ್ಯನ್ ಬದುಕುಳಿದ. ಲಾಭ-ನಷ್ಟದ ಲೆಕ್ಕ ಗೊತ್ತಿದ್ದ ಅಂಗಡಿಯವರೇ ಇಷ್ಟು ದೊಡ್ಡ ನಷ್ಟಕ್ಕೆ ಸಿದ್ಧರಾದರು.

ಇವೆಲ್ಲ ಇಂದಿಗೂ ನೆನಪಿನಲ್ಲಿವೆ. ಕೈದಿಗಳಿಂದ ಕೊರೆಸಿದ ಸುರಂಗವೇ ಈಗ ವಸ್ತುಸಂಗ್ರಹಾಲಯ. 30,000ಕ್ಕೂ ಹೆಚ್ಚು ದ್ವೀಪವಾಸಿಗಳ ಫೋಟೋ ಇರುವ ಅಂದಿನ ಗುರುತಿನ ಚೀಟಿಗಳು ಜರ್ಸಿ ದಾಖಲೆ ಭಂಡಾರದಲ್ಲಿವೆ. ಪ್ರತಿ ಮೇ 9ರಂದು ಬಿಡುಗಡೆಯ ದಿನ ಆಚರಿಸುತ್ತಾರೆ. ಆ ನೋಟಿನಿಂದ ಇಂದು ಏನನ್ನೂ ಕೊಳ್ಳಲಾಗದು. ಆದರೂ ಹೆದರಿಕೆಯ ದಿನಗಳಲ್ಲಿ ಜನ ಧೈರ್ಯ ಬಿಡಲಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ಇನ್ನು ನಾನು ಆ ಪ್ರಶ್ನೆ ಕೇಳಿದ ಕಾರಣ. ನಮ್ಮ ದಾದಿಮಾ (ಅಜ್ಜಿ) ಟ್ರಂಕಿನಲ್ಲಿ 2016ರಲ್ಲಿ ರದ್ದಾದ ಒಂದು 500 ರೂಪಾಯಿ ನೋಟಿದೆ. ದಾದಾಜಾನ್ ಕೊಟ್ಟ ಕೊನೆಯ ಈದಿ ಅದು. ಅಬ್ಬಾ ಎಷ್ಟು ಹೇಳಿದರೂ ಅವರು ಬ್ಯಾಂಕಿಗೆ ಕೊಡಲಿಲ್ಲ. ಆಗ ನಾವು ಮಕ್ಕಳು ನಕ್ಕಿದ್ದೆವು. ಈ ಲೇಖನ ಬರೆದ ರಾತ್ರಿ ಅದನ್ನು ತೋರಿಸಲು ಕೇಳಿದೆ. ಯಾವ ಈದ್, ದಾದಾಜಾನ್ ಏನು ಹೇಳಿದರು, ಎಲ್ಲವನ್ನೂ ಹೇಳಿದರು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ನಿಮ್ಮ ಮನೆಯಲ್ಲೂ ಅಂಥದ್ದೊಂದು ವಸ್ತು ಇರಬಹುದು. ಹಿರಿಯರು ಇರುವಾಗಲೇ ಅದರ ಕಥೆ ಕೇಳಿ ಬರೆದಿಡಿ. ಕಥೆ ಗೊತ್ತಿಲ್ಲದಿದ್ದರೆ ಅದು ನಿಜವಾಗಿಯೂ ಬರಿಯ ಕಾಗದ.