ಗಣಕಯಂತ್ರದ ಕಾಲಪಟ್ಟಿ

ಮಂಗಳೂರಿನಲ್ಲಿ 1943ನೆಯ ಜೂನ್ 10ರಂದು ಗಡಿಯಾರವು ಬೆಳಗಿನ ಆರು ಗಂಟೆಯನ್ನು ತೋರಿಸುತ್ತಿದ್ದಾಗ ಗ್ರೀನಿಚ್ಚಿನಲ್ಲಿ ಎಷ್ಟು ಗಂಟೆಯಾಗಿದ್ದಿತು? ತನ್ನ ತಾತನ ಜನ್ಮಸಮಯವನ್ನು ಹಿಡಿದು ನನ್ನ ವಿದ್ಯಾರ್ಥಿಯೊಬ್ಬನು ಈ ಲೆಕ್ಕವನ್ನು ಮಾಡಿದನು. ನಮ್ಮ ಕಾಲವು ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದು; ಆದುದರಿಂದ ಉತ್ತರವು ರಾತ್ರಿ 12-30 ಆಗಬೇಕು. ಅವನ ಗಣಕಯಂತ್ರವಾದರೋ 11-30 ಎಂದಿತು. ಯಂತ್ರವು ತಪ್ಪುತ್ತಿದೆಯೆಂದು ಅವನ ದೂರು. ತಪ್ಪಿದವನು ಅವನೇ.

ಗಣಕಯಂತ್ರದೊಳಗೆ ‘ಬೆಳಗಿನ ಆರು’ ಎಂಬುದೇ ಇಲ್ಲ. ಯೂನಿಕ್ಸ್ ಸಂಪ್ರದಾಯದ ಕಾರ್ಯಾಚರಣ ವ್ಯವಸ್ಥೆಗಳು 1970ನೆಯ ಜನವರಿ 1ರ ಗ್ರೀನಿಚ್ ಮಧ್ಯರಾತ್ರಿಯಿಂದ ಸೆಕೆಂಡುಗಳನ್ನು ಎಣಿಸುತ್ತವೆ. ಅದಕ್ಕೆ ಹಿಂದಿನ ಕ್ಷಣಗಳಿಗೆ ಋಣಸಂಖ್ಯೆ. ಈ ಎಣಿಕೆ ಲೋಕಕ್ಕೆಲ್ಲ ಒಂದೇ. ಇದಕ್ಕೆ ಎಷ್ಟನ್ನು ಕೂಡಿಸಿದರೆ ನಮ್ಮ ಗೋಡೆಯ ಗಡಿಯಾರದ ಸಮಯ ದೊರೆಯುವುದೆಂದು ತಿಳಿಸಲು ಪ್ರತಿಯೊಂದು ಕಾಲವಲಯಕ್ಕೂ ಒಂದು ಸಣ್ಣ ಕಡತವುಂಟು. ಭಾರತದ್ದರ ಹೆಸರು ‘ಏಷ್ಯಾ/ಕೋಲ್ಕತ’. (ವಿಂಡೋಸ್ ವ್ಯವಸ್ಥೆಯು ತನ್ನದೇ ಬೇರೊಂದು ಪಟ್ಟಿಯನ್ನು ಇಟ್ಟುಕೊಂಡಿದೆ.)

ಕಡತದಲ್ಲಿ ಮುಖ್ಯವಾಗಿರುವುದು ಗಡಿಯಾರದ ನಿಯಮ ಬದಲಾದ ಕ್ಷಣಗಳ ಸಾಲು. ಪ್ರತಿಯೊಂದು ಕ್ಷಣದ ಎದುರಿಗೂ ಅಲ್ಲಿಂದಾಚೆಗೆ ಕೂಡಿಸಬೇಕಾದ ಸೆಕೆಂಡುಗಳೆಷ್ಟು, ಅದು ಬೇಸಗೆಯ ಕಾಲವೇ ಅಲ್ಲವೇ ಎಂಬುದು ನಮೂದಾಗಿರುತ್ತದೆ. ಹಗಲಿನ ಬೆಳಕನ್ನು ಹೆಚ್ಚಾಗಿ ಬಳಸಿಕೊಳ್ಳುವುದಕ್ಕಾಗಿ ಕೆಲವು ದೇಶಗಳು ಬೇಸಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದನ್ನು ವಾಚಕರು ಬಲ್ಲರು. ಕೇಳಿದ ಕ್ಷಣಕ್ಕೆ ಹಿಂದಿನ ಕಟ್ಟಕಡೆಯ ಬದಲಾವಣೆಯನ್ನು ಹುಡುಕಿ, ಅದರ ಎದುರಿನ ಅಂಕಿಯನ್ನು ಕೂಡಿಸುವುದಷ್ಟೇ ಯಂತ್ರದ ಕೆಲಸ. ಮುಂದಿನ ವರ್ಷಗಳಿಗಾಗಿ ಕಡತದ ಕೊನೆಯಲ್ಲಿ ಒಂದು ಸೂತ್ರವಿದೆ: ನ್ಯೂಯಾರ್ಕಿಗೆ ಮಾರ್ಚಿಯ ಎರಡನೆಯ ಭಾನುವಾರ ಮುಂದಕ್ಕೆ, ನವೆಂಬರಿನ ಮೊದಲನೆಯ ಭಾನುವಾರ ಹಿಂದಕ್ಕೆ.

ಈಗ ಭಾರತದ ಕಡತವನ್ನು ತೆರೆಯೋಣ. 1870ರಿಂದ ಮದರಾಸಿನ ಕಾಲ, 5 ಗಂಟೆ 21 ನಿಮಿಷ 10 ಸೆಕೆಂಡು. 1906ನೆಯ ಜನವರಿ 1ರಿಂದ ಐದೂವರೆ ಗಂಟೆ, ಎಂದರೆ 19,800 ಸೆಕೆಂಡು. ಆ ಬಳಿಕ ಮಹಾಯುದ್ಧ ಬಂದಿತು. ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಹೋದುವು. 1942ನೆಯ ಸೆಪ್ಟೆಂಬರ್ 1ರಿಂದ 1945ನೆಯ ಅಕ್ಟೋಬರ್ 15ರವರೆಗೆ ಅಲ್ಲಿರುವ ಅಂಕಿ 23,400. ತಾತನು ಹುಟ್ಟಿದ್ದು ಆರೂವರೆ ಗಂಟೆಯ ಭಾರತದಲ್ಲಿ! ಒಂದು ಗಂಟೆಯಲ್ಲಿ ಭೂಮಿಯು 15 ಡಿಗ್ರಿ ತಿರುಗುತ್ತದೆ. ಅದು ಅರ್ಧ ರಾಶಿಯಷ್ಟು. ಲಗ್ನವೇ ಬೇರೆಯಾದೀತು. ಜಾತಕವನ್ನು ನಂಬುವುದೂ ಬಿಡುವುದೂ ಬೇರೆ ಮಾತು, ಲೆಕ್ಕವಂತೂ ಸರಿಯಾಗಿರಬೇಕಷ್ಟೆ.

ಆದರೂ ಕಡತವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 1906ರ ಅನಂತರವೂ ಮುಂಬಯಿ ಬಹುಕಾಲ ತನ್ನದೇ ಸ್ಥಳೀಯ ಕಾಲವನ್ನು ಬಳಸುತ್ತಿದ್ದಿತು. ಅದಕ್ಕೆ ಇಲ್ಲಿ ಪ್ರತ್ಯೇಕ ಸ್ಥಾನವಿಲ್ಲ. 1970ರಿಂದೀಚಿನ ಭೇದಗಳನ್ನು ಹಿಡಿಯುವುದೇ ಈ ಪಟ್ಟಿಯ ಮುಖ್ಯ ಉದ್ದೇಶ.

1980ರ ದಶಕದಲ್ಲಿ ಅಮೆರಿಕದ ಆರ್ಥರ್ ಡೇವಿಡ್ ಓಲ್ಸನ್ ಆರಂಭಿಸಿದ ಈ ಸಂಗ್ರಹವನ್ನು ಮುಂದೆ ಪಾಲ್ ಎಗರ್ಟ್ ಮತ್ತು ಅನೇಕ ಸ್ವಯಂಸೇವಕರು ಬೆಳೆಸಿದರು. ಅವರನ್ನು ಕಾಡುವುದು ಗಣಿತವಲ್ಲ, ಸರಕಾರಗಳು. 2023ನೆಯ ಮಾರ್ಚಿಯಲ್ಲಿ ಲೆಬನಾನಿನ ಸರಕಾರವು ಬೇಸಗೆಯ ಕಾಲವನ್ನು ಮುಂದೂಡಿರುವುದಾಗಿ, ಅದು ಆರಂಭವಾಗಲು ಎರಡು ಮೂರು ದಿನಗಳಿರುವಾಗ ಸಾರಿತು. ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ. ಒಂದೇ ದೇಶದಲ್ಲಿ ಎರಡು ಕಾಲಗಳಾದುವು. ಪಟ್ಟಿಯ ಹೊಸ ಆವೃತ್ತಿ ಹೊರಟಿತು. ಅಷ್ಟರಲ್ಲಿ ಸರಕಾರವು ಆಜ್ಞೆಯನ್ನು ಹಿಂತೆಗೆದುಕೊಂಡಿತು. ಕೆಲವೇ ದಿನಗಳಲ್ಲಿ ಅದನ್ನು ರದ್ದುಪಡಿಸುವ ಮತ್ತೊಂದು ಆವೃತ್ತಿಯನ್ನು ಹೊರಡಿಸಬೇಕಾಯಿತು.