ಬಿಪಿ ಇಳಿದದ್ದು ಮಾತ್ರೆಯಿಂದ, ಮಾತ್ರೆ ಬಿಡಬೇಡಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ: ಯಾವ ಊರಿನ ಆಸ್ಪತ್ರೆ ಸಾಲಿನಲ್ಲಿ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ, ‘ಬಿಪಿ ನಾರ್ಮಲ್ ಅಂದ್ರು, ಮಾತ್ರೆ ಬಿಟ್ಟೆ.’ ಹೀಗೆ ಬಿಟ್ಟು ಬಿಪಿ ವರ್ಷಗಟ್ಟಲೆ ಏರಿಯೇ ಇದ್ದರೆ ಹೃದಯದ ಸ್ನಾಯು ದಪ್ಪಗಾಗಿ, ಪೆಡಸಾಗಿ, ಕೊನೆಗೆ ಸೋಲುತ್ತದೆ. ಗೇಟ್‌ವಾಲ್ವ್ ಅರ್ಧ ಮುಚ್ಚಿಟ್ಟು ಬೋರ್‌ವೆಲ್ ಮೋಟಾರ್ ಓಡಿಸಿದ ಹಾಗೆ. ಹೃದಯ ಹೀಗೆ ಸೋಲುವುದೇ ಹಾರ್ಟ್ ಫೇಲ್ಯೂರ್. ಹೃದಯ ನಿಂತೇಹೋಯಿತೆಂದು ಹೆದರಬೇಡಿ, ಚಿಕಿತ್ಸೆಯಿದೆ.

1. ಸರಿಯಾಗಿ ಅಳೆಸಿ. ಬಸ್ಸಿಳಿದು ಓಡಿಬಂದು ಕೈ ಚಾಚಬೇಡಿ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ. ಮೂತ್ರಕ್ಕೆ ಹೋಗಿಬಂದು, ಬೆನ್ನು ಆನಿಸಿ, ಪಾದ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಿ. ಪಟ್ಟಿ ಬರಿದೋಳಿಗೆ, ತೋಳು ಎದೆಯ ಮಟ್ಟಕ್ಕೆ. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಹೆಚ್ಚಿದ್ದರೆ ಬಿಪಿ ಇದೆ ಎಂದರ್ಥ. ಮನೆಯ ಯಂತ್ರದಲ್ಲಾದರೆ 135/85.

2. ಮಾತ್ರೆ ತಪ್ಪಿಸಬೇಡಿ. ಅಂಕಿ ಇಳಿದಿರುವುದೇ ಮಾತ್ರೆಯ ಕೆಲಸ. ಬಿಟ್ಟರೆ ಮತ್ತೆ ಏರುತ್ತದೆ, ಏರಿದ್ದು ಗೊತ್ತಾಗುವುದೂ ಇಲ್ಲ. ‘ತಲೆ ಸುತ್ತಿದರೆ ನುಂಗ್ತೀನಿ’ ಎನ್ನುವವರು ಪಾರ್ಶ್ವವಾಯು ಬಡಿದ ಮೇಲೆ ಆಸ್ಪತ್ರೆ ಸೇರುವುದುಂಟು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥವನ್ನು ಥಟ್ಟನೆ ನಿಲ್ಲಿಸುವುದೇ ಅಪಾಯ. ರೇಷ್ಮೆ ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನಗಳಲ್ಲಿ, ಟೊಮೆಟೊ ಲೋಡು ಮಂಡಿಗೆ ಹೊರಡುವ ನಸುಕಿನಲ್ಲಿ ಮಾತ್ರೆ ಮರೆಯುವುದು ಸಹಜ. ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಇಡಿ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ಬೆಂಗಳೂರಿಗೆ ಹೋಗುವ ದಿನ ಬಸ್ಸಿನಲ್ಲಿ ತೊಂದರೆಯೆಂದು ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ ಬಿಡುವವರು ಬಹಳ. ಬಿಡುವ ಬದಲು ಹೊತ್ತು ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಆಮ್ಲೋಡಿಪಿನ್‌ನಿಂದ ಪಾದ ಊದಬಹುದು. ನೀವೇ ನಿಲ್ಲಿಸದೆ ತೋರಿಸಿ. ಪಕ್ಕದ ಮನೆಯವರ ಮಾತ್ರೆಯಂತೂ ಮುಟ್ಟಲೇಬೇಡಿ. ದುಡ್ಡಿನ ಚಿಂತೆಯಿದ್ದರೆ ಸರ್ಕಾರಿ ಆಸ್ಪತ್ರೆಯ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ನಲ್ಲಿ ಹೆಸರು ಬರೆಸಿ, ಮಾತ್ರೆ ಉಚಿತ. ಇರುವ ಶೀಟು ಮುಗಿಯುವುದಕ್ಕೆ ವಾರ ಮೊದಲೇ ಹೋಗಿ.

3. ಉಪ್ಪು ಇಳಿಸಿ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ. ಮುದ್ದೆಗೆ ಉಪ್ಪು ಬೇಕಿಲ್ಲ. ಕುತ್ತು ಇರುವುದು ಬಸ್ಸಾರಿನಲ್ಲಿ, ಉಪ್ಪಿನಕಾಯಿಯಲ್ಲಿ, ಸಂಡಿಗೆಯಲ್ಲಿ. ಸೈಂಧವ ಲವಣವೂ ಉಪ್ಪೇ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆಯವರು, ಟೆಲ್ಮಿಸಾರ್ಟನ್ ಇಲ್ಲವೇ ಸ್ಪೈರನೊಲ್ಯಾಕ್ಟೋನ್ ನುಂಗುವವರು ಕೇಳದೆ ಬಳಸಬಾರದು.

4. ಮಂಡಿನೋವಿಗೆ ಅಂಗಡಿಯ ಮಾತ್ರೆ ಬೇಡ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಬಿಪಿ ಏರಿಸುತ್ತವೆ, ಮೈಯಲ್ಲಿ ನೀರು ನಿಲ್ಲಿಸುತ್ತವೆ.

5. ಹಾರ್ಟ್ ಫೇಲ್ಯೂರ್ ಇದ್ದವರು ದಿನಾ ಬೆಳಗ್ಗೆ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ, ಕಾಲು ಊದಿದರೆ, ಮಲಗಲು ದಿಂಬು ಹೆಚ್ಚು ಬೇಕಾದರೆ ಅಂದೇ ವೈದ್ಯರನ್ನು ಕಾಣಿ. ಎಕೋ (ಹೃದಯದ ಸ್ಕ್ಯಾನ್) ಮಾಡಿಸಲು ಹೇಳಿದರೆ ಮುಂದೂಡಬೇಡಿ.

6. ಎದೆನೋವು, ಕೂತಲ್ಲೇ ಏದುಸಿರು, ಬಾಯಿ ಸೊಟ್ಟಗಾಗುವುದು, ಕೈಕಾಲು ಸ್ವಾಧೀನ ತಪ್ಪುವುದು: ತಡಮಾಡದೆ 108ಕ್ಕೆ ಕರೆಮಾಡಿ. ಮಾತ್ರೆಯ ಶೀಟುಗಳೂ ಹಳೆಯ ಚೀಟಿಯೂ ಜೊತೆಗಿರಲಿ.